ಅಮ್ಮನ ಹೆಬ್ಬೆಟ್ಟು ಒಪ್ಪದ ಮಿಷಿನ್

ಕೆವೈಸಿ ಎಂದರೇನು ಎಂಬ ಎರಡು ಅಂಕದ ಪ್ರಶ್ನೆ ನಮಗೆ ಬಿ.ಕಾಂ. ಪರೀಕ್ಷೆಯಲ್ಲಿ ಬಂದಿತ್ತು. ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಎಂದು ಬರೆದು ಎರಡಕ್ಕೆ ಎರಡು ತಗೊಂಡಿದ್ದೆ. ಅದೇ ಜಂಬದಲ್ಲಿ ‘ಅಕೌಂಟ್ ಮಾಡಿಸೋದು ತಾನೇ, ಅರ್ಧ ಗಂಟೆ ಕೆಲಸ, ಬಾ’ ಎಂದು ಅಮ್ಮನನ್ನು ಹೊರಡಿಸಿದೆ. ಆ ಅರ್ಧ ಗಂಟೆ ಮುಗಿಯಲು ಒಂದೂವರೆ ತಿಂಗಳು ಬೇಕಾಯಿತು.

2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತಲ್ಲ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದು ಬರಬೇಕೆಂದರೆ ಆಧಾರ್ ಜೋಡಣೆಯಾದ ಖಾತೆ ಇರಬೇಕು. ಅಮ್ಮನಿಗೆ ಯಾವ ಖಾತೆಯೂ ಇರಲಿಲ್ಲ. 2014ರಲ್ಲಿ ಜನಧನ್ ಬಂದಾಗ ಊರೆಲ್ಲ ಖಾತೆ ಮಾಡಿಸಿತ್ತು. ‘ಮನೆಗೊಂದು ಪಾಸ್‌ಬುಕ್ ಸಾಕು’ ಎಂದು ಅಪ್ಪ ತನ್ನದೊಂದನ್ನು ಮಾಡಿಸಿಕೊಂಡು ಬಂದಿದ್ದರು. ಅಪ್ಪನ ಪಾಸ್‌ಬುಕ್ಕಿಗೆ ಹೋದ ದುಡ್ಡು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ, ನಮ್ಮ ಮನೆಗೂ ಪೇಪರ್ ಬರುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ. ದೀಪಾವಳಿ ಹೊತ್ತಿಗೆ ಅಡಿಕೆ ಕೊಯ್ಲು ಜೋರು. ಅಮ್ಮ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾಳೆ. ಕೂಲಿ ಡಬ್ಬದ ಲೆಕ್ಕದಲ್ಲಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹಸಿ ಅಡಿಕೆಯ ಕರೆ ಹಿಡಿದು ಬೆರಳು ಕಪ್ಪಾಗಿರುತ್ತದೆ, ತುದಿಯೆಲ್ಲ ಗೀರು, ಹೆಬ್ಬೆರಳಂತೂ ಹಳೇ ಚಪ್ಪಲಿಯ ಹಿಮ್ಮಡಿಯ ಹಾಗೆ ಸವೆದಿದೆ.

ಮೊದಲು ಹೋಗಿದ್ದು ನಮ್ಮೂರಲ್ಲೇ ಪುಟ್ಟ ಮಿಷಿನ್ ಇಟ್ಟುಕೊಂಡಿರುವ ಬ್ಯಾಂಕ್ ಮಿತ್ರನ ಹತ್ತಿರ. ಅವನು ನಮ್ಮ ಕೇರಿಯ ಹುಡುಗ, ಶಾಲೆ ಬಿಟ್ಟ ಮೇಲೆ ನಮ್ಮನೆಯಲ್ಲೇ ಅವಲಕ್ಕಿ ತಿಂದು ಬೆಳೆದವನು. ಅಮ್ಮ ಬೆರಳಿಟ್ಟಳು. ಕೆಂಪು ದೀಪ. ಒರೆಸಿ ಇಟ್ಟಳು. ಮತ್ತೆ ಕೆಂಪು. ಎಡಗೈ, ತೋರುಬೆರಳು, ಉಂಗುರದ ಬೆರಳು, ಹತ್ತೂ ಆಯಿತು.

‘ಚಿಕ್ಕಮ್ಮ, ನೀವೇ ಅಂತ ಮಿಷಿನ್ ಒಪ್ತಾ ಇಲ್ಲ’ ಎಂದ.

‘ನೀನು ಒಪ್ತೀಯಲ್ವನಾ?’ ಎಂದಳು ಅಮ್ಮ.

ಅವನು ನಕ್ಕ, ನಾನೂ ನಕ್ಕೆ. ಅಮ್ಮ ಮಾತ್ರ ಬೆರಳುಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ದಾರಿಯುದ್ದಕ್ಕೂ ಹಾಗೇ ನಡೆದು ಬಂದಳು.

ಆಮೇಲೆ ಶುರುವಾಯಿತು ನೋಡಿ ಬೆರಳಿನ ಆರೈಕೆ. ನಿಂಬೆಹಣ್ಣು, ಹುಣಸೆಹಣ್ಣು, ಸೀಗೆಪುಡಿ, ಕೊನೆಗೆ ಪಾತ್ರೆ ಉಜ್ಜುವ ಪುಡಿ. ರಾತ್ರಿ ಕೊಬ್ಬರಿ ಎಣ್ಣೆ. ಆಧಾರ್ ಕೇಂದ್ರಕ್ಕೂ ಹೋದೆವು. ಬಯೋಮೆಟ್ರಿಕ್ ಅಪ್‌ಡೇಟ್‌ಗೆ ಆಗ 100 ರೂಪಾಯಿ. ಅಲ್ಲಿನ ಹುಡುಗ ಕೈ ನೋಡಿದವನೇ, ‘ಒಂದು ತಿಂಗಳು ಈ ಕೆಲಸ ಬಿಟ್ಟು ಬನ್ನಿ, ರೇಖೆ ಬರುತ್ತೆ’ ಎಂದ. ವರ್ಷದಲ್ಲಿ ಕೂಲಿ ಸಿಗುವುದೇ ಆ ಮೂರು ತಿಂಗಳು. ಬಿಟ್ಟರೆ ಅಮ್ಮ ಎಂದು ಮಿಷಿನ್ ಗುರುತಿಸಬಹುದು, ಅಂಗಡಿಯವನು ಸಾಲ ಕೊಡುವುದಿಲ್ಲ.

ಸರಿ, ಪೇಟೆಯ ಶಾಖೆಗೇ ಹೋದರಾಯಿತು ಎಂದುಕೊಂಡೆವು. ಹೆಂಗಸರಿಗೆ ಬಸ್ಸು ಉಚಿತ ಎಂದು ಊರೆಲ್ಲ ಹೇಳುತ್ತಿದ್ದ ಕಾಲ. ನಮ್ಮ ರೂಟಿನಲ್ಲಿ ಓಡುವುದು ಬರೀ ಖಾಸಗಿ ಬಸ್ಸು, ಟಿಕೆಟ್ ತಗೊಂಡೇ ಹೋದೆವು. ಕೌಂಟರ್‌ನಲ್ಲಿದ್ದವರು ಪಾನ್ ಕಾರ್ಡ್ ಕೇಳಿದರು. ಇಲ್ಲ. ಅಮ್ಮ ಪ್ಲಾಸ್ಟಿಕ್ ಕವರಿನಿಂದ ಬಹಳ ಭರವಸೆಯಿಂದ ರೇಷನ್ ಕಾರ್ಡ್ ತೆಗೆದಳು. ನಮ್ಮನೆಯಲ್ಲಿ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ, ದೇವರ ಗೂಡಿನಲ್ಲಿಟ್ಟಿರುತ್ತೇವೆ. ‘ಇದು ನಡೆಯಲ್ಲ’ ಎಂದು ವಾಪಸ್ ಸರಿಸಿದರು. ಆಧಾರ್ ಕೊಟ್ಟರೆ ಮತ್ತೆ ಅದೇ ಬೆರಳು, ಅದೇ ಕೆಂಪು ದೀಪ. ಆ ಕಾರ್ಡಿನಲ್ಲಿ ಅಮ್ಮ ಹುಟ್ಟಿದ್ದು ಜನವರಿ 1. ಅಮ್ಮ ಹುಟ್ಟಿದ್ದು ಆರಿದ್ರಾ ಮಳೆಯಲ್ಲಿ ಎಂದು ಅಜ್ಜಿ ಹೇಳುತ್ತಿದ್ದಳು. ಆ ಸುಳ್ಳು ತಾರೀಖನ್ನು ಯಾರೂ ಪ್ರಶ್ನಿಸಲಿಲ್ಲ, ನಿಜವಾದ ಬೆರಳನ್ನು ಮಾತ್ರ ಒಪ್ಪಲಿಲ್ಲ.

ಬ್ಯಾಂಕಿನವರದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಕ್ಲಾಸಿನ ಹುಡುಗನೊಬ್ಬನಿಗೆ ‘ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಡು, ಕಮಿಷನ್ ಕೊಡ್ತೀವಿ’ ಎಂದು ಫೋನ್ ಬಂದಿತ್ತು. ಹೀಗೆ ಬೇರೆಯವರ ಖಾತೆಯಲ್ಲಿ ಕಳ್ಳದುಡ್ಡು ಓಡಾಡುವ ಕಾಲದಲ್ಲಿ ಅವರು ಗುರುತು ಕೇಳಲೇಬೇಕು. ಆದರೆ ಕೇಳುವ ದಾರಿ ಅದೊಂದೇ ಏನು?

ಇದನ್ನೇ ನಮ್ಮ ಬ್ಯಾಂಕಿಂಗ್ ಮೇಡಂಗೆ ಹೇಳಿದೆ. ‘ಎರಡು ಅಂಕ ತಗೊಂಡ್ಯಲ್ಲ, ಈಗ ಮೂಲ ಓದು’ ಎಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಹೊರಡಿಸಿದ ಕೆವೈಸಿ ನಿರ್ದೇಶನದ ಪ್ರತಿಯನ್ನು ಫೋನಿಗೆ ಕಳಿಸಿದರು. ಇಂಗ್ಲಿಷು, ಅದೂ ವಕೀಲರ ಇಂಗ್ಲಿಷು. ಎರಡು ರಾತ್ರಿ ಓದಿದೆ. ಗುರುತಿಗೆ ಒಪ್ಪುವ ದಾಖಲೆಗಳ ಪಟ್ಟಿ ಅದರಲ್ಲಿತ್ತು: ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಚೀಟಿ, ಅಧಿಕಾರಿಯ ಸಹಿ ಇರುವ ನರೇಗಾ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಪಾನ್ ಕಾರ್ಡ್ ಈ ಪಟ್ಟಿಯಲ್ಲೇ ಇರಲಿಲ್ಲ! ಅದಿಲ್ಲದವರು ‘ಫಾರಂ 60’ ತುಂಬಿಕೊಟ್ಟರೆ ಸಾಕಿತ್ತು. ಇನ್ನೂ ಕೆಳಗೆ ಹೋದರೆ, ಸರ್ಕಾರದ ಸೌಲಭ್ಯಕ್ಕಾಗಿ ಖಾತೆ ತೆರೆಯಲು ಬಂದವರ ಬೆರಳು ಗಾಯ, ಕಾಯಿಲೆ, ವಯಸ್ಸು ಅಥವಾ ಬೇರೆ ಕಾರಣಕ್ಕೆ ಹೊಂದದೇ ಹೋದರೆ, ಆಧಾರ್ ಸಂಖ್ಯೆ ಪಡೆದು, ಕಾರ್ಡನ್ನು ಆಫ್‌ಲೈನಿನಲ್ಲಿ ಪರಿಶೀಲಿಸಿಯೋ ಇನ್ನೊಂದು ದಾಖಲೆ ನೋಡಿಯೋ ಗುರುತಿಸಬೇಕು ಎಂದಿತ್ತು. ‘ಬೇರೆ ಕಾರಣ’ ಎಂಬ ಪದದ ಕೆಳಗೆ ನಾನು ಎರಡು ಗೆರೆ ಎಳೆದೆ. ಅಡಿಕೆ ಅಲ್ಲಿ ಬಂತಲ್ಲ!

ಆ ಪುಟ ಪ್ರಿಂಟ್ ತೆಗೆಸಿ, ಅಮ್ಮನ ಮತದಾರರ ಚೀಟಿ ಹಿಡಿದು ಮತ್ತೆ ಹೋದೆವು. ನನಗೆ ಜಗಳದ ತಯಾರಿಯೇ ಆಗಿತ್ತು. ಕೌಂಟರಿನವರು ಮ್ಯಾನೇಜರ್ ಹತ್ತಿರ ಕಳಿಸಿದರು. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ‘ಇದು ನನ್ನ ಗಮನಕ್ಕೆ ಬಂದಿರಲಿಲ್ಲಮ್ಮ’ ಎಂದರು. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತುಗಳೆಲ್ಲ ನನ್ನ ಹತ್ತಿರವೇ ಉಳಿದವು.

ಅಮ್ಮನ ಕೈ ನೋಡಿ ‘ಎಷ್ಟು ಡಬ್ಬ ಸುಲಿತೀರಿ ದಿನಕ್ಕೆ?’ ಎಂದು ಕೇಳಿದರು. ಕಾರಣದ ಜಾಗದಲ್ಲಿ ಬೆರಳು ಸವೆದಿದೆ ಎಂದು ಬರೆದುಕೊಂಡರು. ಹೆಬ್ಬೆಟ್ಟು ಒತ್ತುವ ಮಸಿ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು.

‘ಸಹಿ ಮಾಡ್ತೀನಿ’ ಎಂದಳು ಅಮ್ಮ.

ನಾಲ್ಕನೇ ಕ್ಲಾಸು ಓದಿದವಳು. ಕನ್ನಡದಲ್ಲಿ ನಿಧಾನವಾಗಿ, ನಾಲಿಗೆ ತುದಿ ಕಚ್ಚಿಕೊಂಡು, ಮೂರು ಕಡೆ ಬರೆದಳು. ಮೂರನೆಯದರಲ್ಲಿ ಒತ್ತಕ್ಷರ ಸ್ವಲ್ಪ ಕೆಳಗೆ ಜಾರಿತು. ನಡೆಯುತ್ತೆ ಎಂದರು.

ಈಗಲೂ ಊರಿನ ಮಿಷಿನ್ ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಹಾಗಾಗಿ ದುಡ್ಡು ತೆಗೆಯಲು ಪೇಟೆಯ ಶಾಖೆಗೇ ಹೋಗಬೇಕು, ಚೀಟಿ ತುಂಬಿ ಸಹಿ ಹಾಕಬೇಕು. ‘ನಾನೂ ಬರ್ತೀನಿ’ ಎಂದರೆ ಬೇಡ ಅನ್ನುತ್ತಾಳೆ. ಹೊರಡುವ ಹಿಂದಿನ ರಾತ್ರಿ ನನ್ನ ಹಳೇ ನೋಟ್‌ಬುಕ್ಕಿನ ಹಿಂದೆ ನಾಲ್ಕೈದು ಸಲ ಸಹಿ ಹಾಕಿ ನೋಡಿಕೊಳ್ಳುತ್ತಾಳೆ.

ಹೋದ ಸಲ ಪಾಸ್‌ಬುಕ್ ನೋಡಿದೆ. 500 ರೂಪಾಯಿ ಜಾಸ್ತಿ ತೆಗೆದಿದ್ದಳು. ಯಾಕೆ ಎಂದು ಕೇಳಿದೆ.

‘ನಿಂಗ್ಯಾಕೆ ಅದು?’ ಎಂದು ಪಾಸ್‌ಬುಕ್ ಕಿತ್ತುಕೊಂಡು ದೇವರ ಗೂಡಿನಲ್ಲಿಟ್ಟಳು.