ಕೋಟೆಯೊಳಗಿನ ಕುರುಚಲು ಕಾಡಿನಲ್ಲಿ ಒಂದು ಬೆಳಗು: ಬಂಕಾಪುರದ ನವಿಲುಧಾಮ

ಕಾಡು ಎಂದೊಡನೆ ಕರಾವಳಿಯ ನಮ್ಮ ಕಣ್ಣ ಮುಂದೆ ಬರುವುದು ಪಶ್ಚಿಮ ಘಟ್ಟದ ದಟ್ಟ ಹಸಿರು, ಬೆಳಕು ತೂರದ ನೆರಳು, ಕಾಲಿಗೆ ಹತ್ತುವ ಇಂಬಳ. ಮುಳ್ಳುಗಿಡಗಳ ನಡುವೆ ಒಣಹುಲ್ಲು ಬೆಳೆದ ಬಯಲನ್ನು ನಾವು ಕಾಡು ಎಂದು ಕರೆಯುವುದಿಲ್ಲ, ಪಾಳುಭೂಮಿ ಎನ್ನುತ್ತೇವೆ. ಈ ಮಾತು ಎಷ್ಟು ತಪ್ಪೆಂದು ನಮಗೆ ತಿಳಿದದ್ದು ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ ಒಂದು ಬೆಳಗ್ಗೆ ನಡೆದಾಗ. ಪಟ್ಟಣವೊಂದರ ಮಗ್ಗುಲಲ್ಲೇ ಇರುವ ಈ ಪುಟ್ಟ ಕಾಡಿನ ಪರಿಚಯವನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಎಲ್ಲಿದೆ ಈ ಕಾಡು?

ಬಂಕಾಪುರವು ಶಿಗ್ಗಾಂವಿ ತಾಲೂಕಿನ ಒಂದು ಪುರಸಭೆ ಪಟ್ಟಣ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 20 ಸಾವಿರಕ್ಕೂ ಹೆಚ್ಚು. ಹಾವೇರಿಯಿಂದ ಸುಮಾರು 22 ಕಿ.ಮೀ. ದೂರ, ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಊರಿನ ಹತ್ತಿರವೇ ಹಾದುಹೋಗುತ್ತದೆ. ಕರಾವಳಿಯಿಂದ ಹೋಗುವವರು ಕುಮಟಾದಲ್ಲಿ ಘಟ್ಟ ಹತ್ತಿ ಶಿರಸಿ, ಮುಂಡಗೋಡ ಮಾರ್ಗವಾಗಿ ಬಂಕಾಪುರ ತಲುಪಬಹುದು. ಈ ದಾರಿಯಲ್ಲಿ ಅಡಿಕೆ ತೋಟ, ತೇಗದ ಕಾಡು, ಭತ್ತದ ಗದ್ದೆ ಒಂದೊಂದಾಗಿ ಹಿಂದೆ ಸರಿದು ಕೊನೆಗೆ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿಯ ಹೊಲಗಳು ತೆರೆದುಕೊಳ್ಳುತ್ತವೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಸುರಿಯುವ ಮಳೆ ಹಾವೇರಿ ಜಿಲ್ಲೆಗೆ ಬರುವಷ್ಟರಲ್ಲಿ 800 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಗಿಡಮರಗಳು ಬದಲಾಗುವುದಕ್ಕೆ ಕಾರಣವೂ ಇದೇ.

ಬಸ್ ನಿಲ್ದಾಣದಿಂದ ಸುಮಾರು ಎರಡೂವರೆ ಕಿ.ಮೀ. ದೂರದಲ್ಲಿ ಹಳೆಯ ಕೋಟೆ ಇದೆ. ಅದರೊಳಗಿನ 139 ಎಕರೆ, ಅಂದರೆ ಸುಮಾರು 0.56 ಚದರ ಕಿ.ಮೀ. ಪ್ರದೇಶವನ್ನು 2006ರಲ್ಲಿ ನವಿಲು ಸಂರಕ್ಷಣೆಗಾಗಿ ಮೀಸಲಿಡಲಾಯಿತು. ಜನರ ಬಾಯಲ್ಲಿ ಇದು ನವಿಲುಧಾಮ. ವಿಸ್ತಾರ ಹೆಚ್ಚಿಲ್ಲ, ಈ ಬದಿಯಿಂದ ಆ ಬದಿಗೆ ನೇರವಾಗಿ ನಡೆದರೆ ಒಂದು ಕಿಲೋಮೀಟರಿನ ಸುತ್ತಮುತ್ತ. ಆತುರದವರಿಗೆ ಅರ್ಧ ಗಂಟೆಯ ಹಾದಿ. ನಮಗೆ ಎರಡೂವರೆ ಗಂಟೆ ಬೇಕಾಯಿತು.

ಕೋಟೆಗೂ ಒಂದು ಕಥೆ

ಬಂಕಾಪುರ ಎಂಬ ಹೆಸರು ಬಂದದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಸೇನಾಪತಿ ಬಂಕೇಶನಿಂದ. ಅವನ ಮಗ ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ, ಕ್ರಿ.ಶ. 898ರ ಹೊತ್ತಿಗೆ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಈ ಊರಿನಲ್ಲಿ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿಯೇ ತಿಳಿಸುತ್ತದೆ. ಗಂಗ ದೊರೆ ಮಾರಸಿಂಹನು 974ರ ಸುಮಾರಿಗೆ ರಾಜ್ಯವನ್ನು ತೊರೆದು ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಮುಂದೆ ಊರು ಬಿಜಾಪುರದ ಆದಿಲ್‌ಶಾಹಿಗಳ, ಬಳಿಕ ಸವಣೂರು ನವಾಬರ ಕೈಗೆ ಹೋಯಿತು. ಕೋಟೆಯೊಳಗಿನ ನಗರೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಒಳ್ಳೆಯ ನಿದರ್ಶನ. ಊರವರು ಅದನ್ನು ‘ಅರವತ್ತು ಕಂಬದ ಗುಡಿ’ ಎನ್ನುತ್ತಾರೆ.

ರಾಜರು ಹೋದರು, ಕೋಟೆ ಬಿದ್ದಿತು. ಆದರೆ ಬಿದ್ದ ಕೋಟೆಯೇ ಹಕ್ಕಿಗಳಿಗೆ ರಕ್ಷಣೆಯಾಯಿತು. ಕಂದಕ ಮತ್ತು ಗೋಡೆಯೊಳಗಿನ ಈ ನೆಲದಲ್ಲಿ ಸರ್ಕಾರದ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ದನಗಳಿಗೆ ಮೇವು ಬೇಕು, ಮೇವಿಗೆ ಬಯಲು ಬೇಕು. ಹೀಗಾಗಿ ಇಲ್ಲಿ ಮನೆಗಳೇಳಲಿಲ್ಲ, ನಿವೇಶನಗಳಾಗಲಿಲ್ಲ. ಕಾಳು, ಹುಳು, ನೀರು, ಮುಳ್ಳುಪೊದೆ ನಾಲ್ಕೂ ಒಂದೇ ಕಡೆ ಸಿಕ್ಕಿದ್ದರಿಂದ ನವಿಲುಗಳು ನೆಲೆ ನಿಂತವು. ದನಗಳಿಗೆಂದು ಉಳಿಸಿದ ಜಾಗ ನವಿಲುಗಳಿಗೂ ಮನೆಯಾಯಿತು ಎನ್ನಬಹುದು.

ನಡಿಗೆಯಲ್ಲಿ ನಾವು ಕಲಿತದ್ದು

ಸೂರ್ಯ ಹುಟ್ಟುವ ಹೊತ್ತಿಗೆ ನಾವು ಒಳಗಿದ್ದೆವು. ನಮ್ಮ ಗುಂಪಿನಲ್ಲಿ ಮಕ್ಕಳೂ ಇದ್ದರು. ಎರಡು ಕಡೆ ಜಾಲಿ, ನಡುನಡುವೆ ಪಾಪಾಸುಕಳ್ಳಿ, ಕಾಲಡಿಯಲ್ಲಿ ಇಬ್ಬನಿ ತುಂಬಿದ ಹುಲ್ಲು. ಒಂದು ಮಾತನ್ನು ಇಲ್ಲಿ ಹೇಳಬೇಕು. ನಾವು ಗಿಡ ಎಂದರೆ ಸಣ್ಣದು, ಮರ ಎಂದರೆ ದೊಡ್ಡದು. ಈ ಸೀಮೆಯಲ್ಲಿ ಎತ್ತರಕ್ಕೆ ಬೆಳೆದ ಮರವೂ ಗಿಡವೇ: ಬೇವಿನ ಗಿಡ, ಹುಣಸಿ ಗಿಡ, ಜಾಲಿ ಗಿಡ. ಗಿಡದ ಮೇಲೆ ನವಿಲು ಕುಳಿತಿದೆ ಎಂದು ದನ ಕಾಯುವ ಹಿರಿಯರೊಬ್ಬರು ಕೈ ತೋರಿಸಿದಾಗ ನಾವೆಲ್ಲ ಪೊದೆಗಳ ಕಡೆ ಕಣ್ಣಾಡಿಸುತ್ತಿದ್ದೆವು. ನವಿಲು ನಮ್ಮ ತಲೆಯ ಮೇಲಿತ್ತು!

ನವಿಲು ಹಗಲೆಲ್ಲ ನೆಲದ ಮೇಲೆ ಮೇಯ್ದರೂ ರಾತ್ರಿ ಎತ್ತರದ ಮರದಲ್ಲಿ ಮಲಗುತ್ತದೆ. ನರಿ, ನಾಯಿಗಳಿಂದ ಪಾರಾಗಲು ಅದಕ್ಕಿರುವ ಉಪಾಯ ಇದು. ಬೆಳಕು ಹರಿದ ಮೇಲೆ ಒಂದೊಂದಾಗಿ ಕೆಳಗಿಳಿಯುತ್ತವೆ. ಆದ್ದರಿಂದ ಮುಂಜಾವ ಮತ್ತು ಇಳಿಹೊತ್ತು ನೋಡಲು ಯೋಗ್ಯ ಸಮಯ. ಮಧ್ಯಾಹ್ನ ಹೋದವರಿಗೆ ಕಾಣುವುದು ಮುಳ್ಳು ಮತ್ತು ಬಿಸಿಲು ಮಾತ್ರ.

ಮೊದಲ ನವಿಲು ಕೆಳಗಿಳಿದಾಗ ನಾವು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಮೊಬೈಲು ಹಿಡಿದು ಎಲ್ಲರೂ ಅದರತ್ತ ಓಡಿದೆವು. ಅದು ಹಾರಲಿಲ್ಲ, ತಲೆ ತಗ್ಗಿಸಿ ಪೊದೆಯೊಳಗೆ ನುಗ್ಗಿ ಮಾಯವಾಯಿತು. ನವಿಲಿನ ಮೊದಲ ರಕ್ಷಣೆ ಕಾಲು, ರೆಕ್ಕೆಯಲ್ಲ. ನಮ್ಮ ಅವಸರ ಕಂಡ ಅದೇ ಹಿರಿಯರು ನಕ್ಕು, ನೀವು ನಿಂತರೆ ಅದೂ ನಿಲ್ಲುತ್ತದೆ ಎಂಬರ್ಥದ ಮಾತು ಹೇಳಿದರು. ಅವರು ಹೇಳಿದಂತೆ ಬೇವಿನ ನೆರಳಿನಲ್ಲಿ ಸದ್ದಿಲ್ಲದೆ ಕುಳಿತೆವು. ಇಪ್ಪತ್ತು ನಿಮಿಷದೊಳಗೆ ಎರಡು ಹೇಂಟೆಗಳು, ಅವುಗಳ ಹಿಂದೆ ಒಂದು ಗಂಡು, ನಮ್ಮೆದುರೇ ಹುಲ್ಲು ಕೆದಕತೊಡಗಿದವು. ಓಡಿ ಪಡೆಯಲಾಗದ್ದು ಕುಳಿತಾಗ ಸಿಕ್ಕಿತು.

ಗರಿಯ ಗುಟ್ಟು

ನವಿಲಿನ ಬಾಲ ಎಂದು ನಾವು ಹೇಳುವುದು ವಾಸ್ತವವಾಗಿ ಬಾಲವಲ್ಲ. ನಿಜವಾದ ಬಾಲ ಕಂದುಬಣ್ಣದ್ದು, ಗಿಡ್ಡ. ಅದರ ಮೇಲೆ ಹೊದಿಕೆಯಂತೆ ಬೆಳೆಯುವ 150ರಿಂದ 200 ಉದ್ದ ಗರಿಗಳೇ ನಮ್ಮನ್ನು ಮರುಳು ಮಾಡುವಂಥವು. ಗಂಡಿಗೆ ಪೂರ್ಣ ಪ್ರಮಾಣದ ಗರಿ ಬರಲು ಮೂರು-ನಾಲ್ಕು ವರ್ಷ ಬೇಕು. ಆ ಹೊಳೆವ ನೀಲಿಗೆ ನೀಲಿ ಬಣ್ಣದ ದ್ರವ್ಯ ಕಾರಣವಲ್ಲ ಎಂಬುದು ಇನ್ನೊಂದು ಸೋಜಿಗ. ಗರಿಯ ಎಳೆಗಳೊಳಗೆ ಅತಿ ಸೂಕ್ಷ್ಮ ಕಣಗಳು ಕ್ರಮವಾಗಿ ಜೋಡಣೆಯಾಗಿದ್ದು, ಬೆಳಕು ಅವುಗಳ ಮೇಲೆ ಬಿದ್ದು ಹಿಂತಿರುಗುವಾಗ ಬಣ್ಣ ಮೂಡುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಬಣ್ಣ ಕಾಣುವಂತೆಯೇ ಇದು.

ಮಳೆಗಾಲ ಹತ್ತಿರವಾದಂತೆ ಗಂಡು ಗರಿಗೆದರಿ ಕುಣಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗರಿಗಳೆಲ್ಲ ತಾವಾಗಿಯೇ ಉದುರುತ್ತವೆ, ಮತ್ತೆ ಹೊಸದಾಗಿ ಬೆಳೆಯುತ್ತವೆ. ಗಂಡಿನ ಕಣ್ಣೀರು ಕುಡಿದು ಹೆಣ್ಣು ಗರ್ಭ ಧರಿಸುತ್ತದೆ ಎಂಬ ನಂಬಿಕೆ ಇಂದಿಗೂ ಕೇಳಿಬರುತ್ತದೆ. ಅದು ಬರೀ ಕಥೆ. ಕೋಳಿಗಳಂತೆಯೇ ನವಿಲುಗಳೂ ಕೂಡುತ್ತವೆ.

ಮುಳ್ಳುಪೊದೆ ಏಕೆ ಬೇಕು?

ಇಡೀ ನಡಿಗೆಯಲ್ಲಿ ನಾವು ಕಲಿತ ಮುಖ್ಯ ಪಾಠ ಇದು. ಹೇಂಟೆ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಪೊದೆಯ ಬುಡದಲ್ಲಿ ನೆಲವನ್ನು ಸ್ವಲ್ಪ ಕೆದರಿ, ಅಲ್ಲಿಯೇ ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಟ್ಟು, ಸುಮಾರು 28 ದಿನ ಒಂಟಿಯಾಗಿ ಕಾವು ಕೂರುತ್ತದೆ. ಗಂಡಿನ ಸಹಾಯವಿಲ್ಲ. ಅದರ ಮಂಕಾದ ಕಂದುಬಣ್ಣ ಒಣ ಎಲೆಯೊಂದಿಗೆ ಬೆರೆತುಹೋಗುತ್ತದೆ. ಕೋಟೆಗೋಡೆ ರಾಜರಿಗೆ ಹೇಗೋ, ಜಾಲಿಯ ಮುಳ್ಳು ಆ ಗೂಡಿಗೆ ಹಾಗೆ.

ಈಗ ನಮ್ಮ ಊರುಗಳಲ್ಲಿ ಉದ್ಯಾನವನದ ಅಭಿವೃದ್ಧಿ ಎಂದರೆ ಏನು ನಡೆಯುತ್ತದೆಂದು ನೆನಪಿಸಿಕೊಳ್ಳೋಣ. ಮೊದಲು ಪೊದೆ ಕಡಿಯುತ್ತಾರೆ, ನೆಲ ಸಪಾಟು ಮಾಡುತ್ತಾರೆ, ಹುಲ್ಲುಹಾಸು ಹಾಕುತ್ತಾರೆ, ದೀಪ ಹಚ್ಚುತ್ತಾರೆ. ಕಣ್ಣಿಗೆ ಚೆಂದ. ಆದರೆ ನೆಲದಲ್ಲಿ ಗೂಡು ಮಾಡುವ ಹಕ್ಕಿಗೆ ಅಲ್ಲಿ ಬದುಕಿಲ್ಲ. ಬಂಕಾಪುರದಂಥ ಜಾಗಕ್ಕೆ ಬೇಕಾದ ಸ್ವಚ್ಛತೆ ಪ್ಲಾಸ್ಟಿಕ್ ಹೆಕ್ಕುವುದು, ಮುಳ್ಳು ಕಡಿಯುವುದಲ್ಲ.

ಈ ಪೊದೆಗಳನ್ನು ನಂಬಿರುವುದು ನವಿಲು ಮಾತ್ರವಲ್ಲ. ಕಳ್ಳಿಪೀರ, ಮಡಿವಾಳ ಹಕ್ಕಿ, ಹರಟೆಮಲ್ಲ, ಮಿಂಚುಳ್ಳಿ, ಬೂದು ಮಂಗಟ್ಟೆ, ಗೂಬೆಗಳಿಗೂ ಇಲ್ಲಿ ಜಾಗವಿದೆ. ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ನವರಂಗ ಹಕ್ಕಿಯನ್ನೂ ಇಲ್ಲಿ ಕಂಡವರಿದ್ದಾರೆ. ಅಷ್ಟು ದೂರದ ಪ್ರವಾಸಿಗೆ ನಡುದಾರಿಯಲ್ಲಿ ಇಂಥ ಒಂದು ಪೊದೆಯೇ ಛತ್ರ.

ರೈತರ ಅಳಲು

ನವಿಲಿಗೆ ಕೋಟೆಯ ಗಡಿ ಗೊತ್ತಿಲ್ಲ. ಬಿತ್ತಿದ ಶೇಂಗಾ, ಮೆಕ್ಕೆಜೋಳದ ಕಾಳನ್ನು ಕೆದಕಿ ತಿನ್ನುತ್ತದೆ, ಎಳೆ ಮೊಳಕೆ ಕೀಳುತ್ತದೆ. ಬಂಕಾಪುರದ ಸುತ್ತ ಮಾತ್ರವಲ್ಲ, ಇದೇ ತಾಲೂಕಿನ ಹಿರೇಬೆಂಡಿಗೇರಿಯಂಥ ಊರುಗಳೂ ಹೊಲವನ್ನೇ ನಂಬಿದವು. ಒಂದು ಮಳೆ ತಪ್ಪಿದರೆ ಕಂಗಾಲಾಗುವ ಬೇಸಾಯದಲ್ಲಿ ಒಂದು ಸಾಲು ಬೀಜವೂ ಸಣ್ಣ ನಷ್ಟವಲ್ಲ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಕರಾವಳಿಯ ಗದ್ದೆ, ತೋಟಗಳಲ್ಲೂ ನವಿಲುಗಳು ಕಾಣಿಸತೊಡಗಿದ್ದು, ನಮ್ಮ ಕೃಷಿಕರೂ ಇದೇ ದೂರು ಹೇಳುತ್ತಿದ್ದಾರೆ. ಆದ್ದರಿಂದ ಇದು ಘಟ್ಟದ ಮೇಲಿನವರ ಸಮಸ್ಯೆ ಎಂದು ನಾವು ಸುಮ್ಮನಿರುವಂತಿಲ್ಲ.

ಅದೇ ನವಿಲು ಮಿಡತೆ, ಗೆದ್ದಲು, ಹುಳು, ಸಣ್ಣ ಹಾವುಗಳನ್ನೂ ತಿನ್ನುತ್ತದೆ ಎಂಬುದೂ ಸತ್ಯ. ಲಾಭ ಕಣ್ಣಿಗೆ ಕಾಣುವುದಿಲ್ಲ, ನಷ್ಟ ಕಾಣುತ್ತದೆ. ದೇಶದ ಹಲವೆಡೆ ಕೀಟನಾಶಕ ಲೇಪಿಸಿದ ಬಿತ್ತನೆ ಬೀಜ ತಿಂದು ನವಿಲುಗಳು ಗುಂಪಾಗಿ ಸತ್ತದ್ದಿದೆ. ಇದನ್ನು ರೈತರ ದ್ವೇಷ ಎಂದು ಹೇಳಿ ಮುಗಿಸುವುದು ಸರಿಯಲ್ಲ. ಬೀಜವನ್ನು ಮಣ್ಣಿನಲ್ಲಿ ಚೆನ್ನಾಗಿ ಮುಚ್ಚುವುದು, ಚೆಲ್ಲಿದ ಕಾಳನ್ನು ಹೆಕ್ಕುವುದು, ಮೊಳಕೆ ಬರುವ ಮೊದಲ ಕೆಲವು ದಿನ ಬೆಳಗ್ಗೆ-ಸಂಜೆ ಕಾವಲಿರುವುದು ಇವು ಕೈಯಲ್ಲಿರುವ ಉಪಾಯಗಳು.

ಕಾನೂನು ಏನು ಹೇಳುತ್ತದೆ?

ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಅದಕ್ಕೆ ಅತ್ಯುನ್ನತ ರಕ್ಷಣೆ ಇದೆ. ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ ಮತ್ತು ದಂಡ ವಿಧಿಸಬಹುದು. ಬಂಕಾಪುರದಂಥ ಸಣ್ಣ ಜಾಗಗಳಿಗೆ ಅನುಕೂಲವಾದದ್ದು 2002ರ ತಿದ್ದುಪಡಿ. ‘ಸಂರಕ್ಷಣಾ ಮೀಸಲು’ ಎಂಬ ಹೊಸ ವರ್ಗ ಅದರಿಂದ ಹುಟ್ಟಿತು. ರಾಷ್ಟ್ರೀಯ ಉದ್ಯಾನದಂತೆ ಜನರನ್ನು ಹೊರಗಿಡದೆ, ಸ್ಥಳೀಯರೊಂದಿಗೆ ಸಮಾಲೋಚಿಸಿ ಸರ್ಕಾರಿ ಜಮೀನನ್ನು ಕಾಪಾಡುವ ವ್ಯವಸ್ಥೆ ಇದು. ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಗ್ರಾಮ ಪಂಚಾಯಿತಿ, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳ ಪ್ರತಿನಿಧಿಗಳಿಗೂ ಸ್ಥಾನವಿದೆ. ಹಕ್ಕಿ, ದನ, ಹೊಲ ಮೂವರ ಪರವಾಗಿಯೂ ಮಾತನಾಡುವವರು ಒಂದೇ ಮೇಜಿನ ಸುತ್ತ ಕೂರಬೇಕೆಂಬುದು ಇದರ ಆಶಯ.

ಹೋಗುವವರಿಗೆ ಕೆಲವು ಮಾತು

ಹೋಗುವ ಮುನ್ನ ಪ್ರವೇಶದ ವಿಷಯವನ್ನು ಸ್ಥಳೀಯ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕುಣಿತ ನೋಡುವ ಆಸೆಯಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಬೇಕು. ಅದು ಮೊಟ್ಟೆಯ ಕಾಲವೂ ಆದ್ದರಿಂದ ಕಾಲುದಾರಿ ಬಿಟ್ಟು ಪೊದೆಯೊಳಗೆ ಇಳಿಯಲೇಬಾರದು. ಹೆದರಿದ ಹೇಂಟೆ ಗೂಡು ಬಿಟ್ಟೆದ್ದರೆ ಮುಂಗುಸಿ, ಕಾಗೆ, ನಾಯಿ ಕಾಯುತ್ತಲೇ ಇರುತ್ತವೆ. ಗಾಢ ಬಣ್ಣದ ಬಟ್ಟೆ, ಜೋರು ಮಾತು, ಮೊಬೈಲಿನಲ್ಲಿ ನವಿಲಿನ ಕೂಗು ಹಾಕುವುದು ಬೇಡ. ತಿನಿಸು ಹಾಕುವುದೂ ಬೇಡ. ಮುಳ್ಳಿಗೆ ಗಟ್ಟಿ ಬೂಟು, ಬಿಸಿಲಿಗೆ ಟೊಪ್ಪಿ, ಕುಡಿಯಲು ನೀರು ಇರಲಿ. ಒಯ್ದ ಪೊಟ್ಟಣ, ಬಾಟಲಿಗಳನ್ನು ಮರಳಿ ತನ್ನಿ.

ಹಿಂತಿರುಗುವಾಗ ನಮ್ಮ ಮಕ್ಕಳಲ್ಲೊಬ್ಬಳು, ನಮ್ಮ ಮನೆಯ ಹಿಂದಿನ ಖಾಲಿ ಜಾಗದ ಪೊದೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಉತ್ತರ ನಮ್ಮಲ್ಲಿ ಇರಲಿಲ್ಲ. ಅದನ್ನು ಕಡಿಸಬೇಕೆಂದು ಹಿಂದಿನ ವಾರವಷ್ಟೇ ಮಾತಾಡಿಕೊಂಡಿದ್ದೆವು. ಈಗ ಒಂದು ಮಳೆಗಾಲ ಕಳೆಯುವ ತನಕ ಬಿಟ್ಟು ನೋಡೋಣ ಎಂದುಕೊಂಡಿದ್ದೇವೆ. ನಿಮ್ಮ ಮನೆಯ ಹಿಂದೆಯೂ ಅಂಥ ಒಂದು ಮೂಲೆ ಇದ್ದರೆ, ಕತ್ತಿ ಎತ್ತುವ ಮೊದಲು ಒಂದು ಬೆಳಗ್ಗೆ ಅದರ ಮುಂದೆ ಸುಮ್ಮನೆ ಕುಳಿತು ನೋಡಿ.