ಹೆಣೆದ ಬುಟ್ಟಿ, ಸುಟ್ಟ ಬುಟ್ಟಿ

ಲೋಕವನ್ನೇ ಬಿಟ್ಟು ಹೋದವನಿಗೆ ದುಡಿಮೆಯ ಹಂಗೇಕೆ? ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ನೆಲೆಸಿದ ಕ್ರೈಸ್ತ ತಪಸ್ವಿಗಳ ಕಥೆಗಳನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯಿದು. ಹೊಲಮನೆ, ಬಂಧುಬಳಗಗಳನ್ನು ತೊರೆದ ಈ ಜನ ಖರ್ಜೂರದ ಗರಿಯನ್ನು ನೀರಿನಲ್ಲಿ ನೆನೆಹಾಕಿ ಹಗ್ಗ ಹೊಸೆದರು. ಚಾಪೆ, ಬುಟ್ಟಿಗಳನ್ನು ಹೆಣೆದರು. ಅವನ್ನು ಮಾರಿ ರೊಟ್ಟಿ ಕೊಂಡರು.

ಇವರಿಗೆಲ್ಲ ಮೂಲಪುರುಷನೆನಿಸಿದವನು ಕ್ರಿ.ಶ. 356ರಲ್ಲಿ ತೀರಿಕೊಂಡ ಸಂತ ಅಂತೋಣಿ. ಒಮ್ಮೆ ಆತನ ಮನಸ್ಸಿಗೆ ಬೇಸರ ಕವಿಯಿತು. ಹೊರಬಂದು ನೋಡಿದರೆ ತನ್ನಂತೆಯೇ ಇದ್ದ ಒಬ್ಬಾತ ಕುಳಿತು ಹಗ್ಗ ಹೊಸೆಯುತ್ತಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕುಳಿತು ಹೊಸೆಯುತ್ತಾನೆ. ಆತ ದೇವದೂತನೆಂದೂ ಅಂತೋಣಿಗೆ ಬೇಕಾದ ಉತ್ತರ ಅದರಲ್ಲೇ ಇತ್ತೆಂದೂ ಕಥೆ ಹೇಳುತ್ತದೆ. ಇದೇ ಪರಂಪರೆಯ ಇವಾಗ್ರಿಯಸ್ ಈ ಬೇಸರವನ್ನು ನಡುಹಗಲಿನ ಪಿಶಾಚಿಯೆಂದು ಗುರುತಿಸಿದ. ಸೂರ್ಯ ನೆತ್ತಿಯ ಮೇಲೆ ನಿಂತೇಬಿಟ್ಟಂತೆ ತೋರುವ, ಕಣ್ಣು ಮತ್ತೆ ಮತ್ತೆ ಕಿಟಕಿಯತ್ತ ಹಾಯುವ ಹೊತ್ತು ಅದು. ಅಂಥ ಹೊತ್ತಿನಲ್ಲಿ ಕೈಗೆ ಕೆಲಸವಿದ್ದರೆ ಅಲೆಯುವ ಮನಸ್ಸಿಗೆ ಗೂಟ ಸಿಕ್ಕಂತೆ.

ಎಡೆಬಿಡದ ಪ್ರಾರ್ಥನೆಯೊಂದೇ ಸಾಕು, ದುಡಿಮೆ ಬೇಡ ಎನ್ನುವವರೂ ಆಗ ಇದ್ದರು. ಹಾಗಾದರೆ ನೀವು ಉಣ್ಣುವಾಗ, ನಿದ್ರಿಸುವಾಗ ನಿಮ್ಮ ಪರವಾಗಿ ಪ್ರಾರ್ಥಿಸುವವರು ಯಾರೆಂದು ಅಬ್ಬಾ ಲೂಸಿಯಸ್ ಕೇಳಿದನಂತೆ. ಅವರು ನಿರುತ್ತರರಾದರು. ಆತನ ಲೆಕ್ಕವೇ ಬೇರೆ. ಗರಿ ಹೆಣೆಯುತ್ತಲೇ ಪ್ರಾರ್ಥಿಸಿದರೆ ದಿನಕ್ಕೆ ಸುಮಾರು ಹದಿನಾರು ನಾಣ್ಯ ಹುಟ್ಟುತ್ತಿತ್ತು. ಎರಡನ್ನು ಬಾಗಿಲಲ್ಲಿಟ್ಟು ಉಳಿದುದರಲ್ಲಿ ಉಣ್ಣುತ್ತಿದ್ದ. ಆ ಎರಡನ್ನು ಎತ್ತಿಕೊಂಡವನು ಆತ ಉಣ್ಣುವಾಗಲೂ ಮಲಗಿದಾಗಲೂ ಆತನಿಗಾಗಿ ಪ್ರಾರ್ಥಿಸುತ್ತಿದ್ದ.

ಇದಕ್ಕೆ ವಿರುದ್ಧವೆಂಬಂತೆ ತೋರುವ ಕಥೆಯೊಂದನ್ನು ಐದನೆಯ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಬರೆದಿಟ್ಟಿದ್ದಾನೆ. ಅಬ್ಬಾ ಪೌಲನ ವಾಸ ಊರಿನಿಂದ ಏಳು ದಿನದ ಹಾದಿಯಷ್ಟು ದೂರ. ಖರ್ಜೂರ ಹಾಗೂ ಸಣ್ಣ ತೋಟದಿಂದ ಅವನ ಹೊಟ್ಟೆ ತುಂಬುತ್ತಿತ್ತು. ಹೆಣೆದುದನ್ನು ಊರಿಗೆ ಸಾಗಿಸುವ ಬಾಡಿಗೆಯೇ ಅದರ ಬೆಲೆಯನ್ನು ಮೀರುತ್ತಿತ್ತು. ಆದರೂ ಆತ ದಿನದಿನದ ಕೆಲಸವನ್ನು ತಪ್ಪಿಸಲಿಲ್ಲ. ವರ್ಷದ ದುಡಿಮೆಯಿಂದ ಗುಹೆ ತುಂಬಿದಾಗ ಎಲ್ಲಕ್ಕೂ ಬೆಂಕಿಯಿಟ್ಟು, ಮತ್ತೆ ಮೊದಲಿನಿಂದ ತೊಡಗುತ್ತಿದ್ದ.

ಈ ಬೆಂಕಿಯನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಆದರೂ, ಕೊಳ್ಳುವವರೇ ಇಲ್ಲದಾಗ ದುಡಿಮೆಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಅದರಷ್ಟು ನಿಷ್ಠುರವಾಗಿ ತೋರಿಸಿದ್ದು ಬೇರೊಂದಿಲ್ಲ. ಉಳಿಯುವುದು ದುಡಿದವನ ಹದಗೊಂಡ ಮನಸ್ಸು. ಲೂಸಿಯಸನೂ ದುಡಿದುದನ್ನು ಕೂಡಿಡಲಿಲ್ಲ, ಪೌಲನೂ ಕೂಡಿಡಲಿಲ್ಲ. ಅಷ್ಟರಮಟ್ಟಿಗೆ ಇಬ್ಬರದೂ ಒಂದೇ ವ್ರತ. ಪೌಲನ ಸುತ್ತ ಬರಿಯ ಮರಳಿತ್ತು. ನಾವಾದರೋ ನೆರೆಹೊರೆಯ ನಡುವೆ ಬಾಳುವವರು. ನಮಗೆ ಲೂಸಿಯಸನ ಬಾಗಿಲೇ ಹತ್ತಿರವೆಂದು ನನ್ನ ಭಾವನೆ.