ಕೂಸು ಹುಟ್ಟೋ ಮುಂಚೆ ಕುಲಾವಿ: ‘ಎಲ್ಡರ್ ಸ್ಕ್ರೋಲ್ಸ್ 6’ ಫ್ಯಾನ್ಸ್ ನಿಜಕ್ಕೂ ಜಗಳ ಆಡ್ತಿರೋದು ಯಾವುದರ ಬಗ್ಗೆ?

ಇವತ್ತು ಇನ್ನೂ ಬರದೇ ಇರೋ ಒಂದು ಗೇಮ್ ಬಗ್ಗೆ ಮಾತಾಡೋಣ. ಅದರ ಕಥೆಯನ್ನ ಕಂಪನಿ ಹೇಳಿಲ್ಲ. ನಾವು ಈ ಎಪಿಸೋಡ್ ರೆಕಾರ್ಡ್ ಮಾಡೋ ಹೊತ್ತಿಗೆ ಬಿಡುಗಡೆ ದಿನಾಂಕಾನೂ ಕೊಟ್ಟಿಲ್ಲ. ಆದ್ರೂ ಅದರಲ್ಲಿ ಏನಿರಬೇಕು, ಏನಿರಬಾರದು ಅಂತ ಫ್ಯಾನ್ಸ್ ವರ್ಷಗಳಿಂದ ಕಿತ್ತಾಡ್ತಾನೇ ಇದ್ದಾರೆ. ಗೇಮ್ ಹೆಸರು ‘ದಿ ಎಲ್ಡರ್ ಸ್ಕ್ರೋಲ್ಸ್ 6’.

ಇದೆಲ್ಲ ಶುರುವಾಗಿದ್ದು 36 ಸೆಕೆಂಡಿನ ಒಂದು ವಿಡಿಯೊದಿಂದ. 2018ರ ಜೂನ್ 10, ಅಮೆರಿಕದ ಲಾಸ್ ಏಂಜಲೀಸ್. ಇ3 ಅನ್ನೋ ದೊಡ್ಡ ಗೇಮಿಂಗ್ ಮೇಳದ ಸಮಯ. ಬೆಥೆಸ್ಡಾ ಕಂಪನಿಯ ಟಾಡ್ ಹೋವರ್ಡ್ ವೇದಿಕೆ ಮೇಲೆ ಬಂದು ಒಂದು ಟೀಸರ್ ತೋರಿಸಿದ್ರು. ಬೆಟ್ಟ, ಸಮುದ್ರ ತೀರ, ಹಳೆಯ ಸಂಗೀತ, ಕೊನೆಗೆ ಗೇಮ್ ಹೆಸರು. ಅಷ್ಟೇ. ಒಬ್ಬ ಮನುಷ್ಯನ ಮುಖಾನೂ ಇಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಅಂತಾರಲ್ಲ, ಹಾಗೇ ಆಯ್ತು ಇದು.

ಮೊದಲು, ಇದು ಯಾವ ಗೇಮ್?

ಬಿಜಿಎಮ್‌ಐ, ಫ್ರೀ ಫೈರ್ ಆಡೋ ಗೆಳೆಯರಿಗಾಗಿ ಸಣ್ಣ ಪರಿಚಯ. ಇದು ರೋಲ್ ಪ್ಲೇಯಿಂಗ್ ಗೇಮ್, ಅಂದ್ರೆ ಆರ್‌ಪಿಜಿ. ಇಲ್ಲಿ ಮ್ಯಾಚ್ ಇಲ್ಲ, ಟೈಮರ್ ಇಲ್ಲ. ನೀವು ಒಂದು ಪಾತ್ರ ಸೃಷ್ಟಿ ಮಾಡ್ಕೋತೀರಿ. ಟ್ಯಾಮ್ರಿಯೆಲ್ ಅನ್ನೋ ಕಾಲ್ಪನಿಕ ಖಂಡದಲ್ಲಿ ಮನಸ್ಸು ಬಂದ ಕಡೆ ಹೋಗ್ತೀರಿ. ಡ್ರ್ಯಾಗನ್ ಕೊಲ್ಲಬಹುದು. ಇಲ್ಲ ಅಂದ್ರೆ ಡ್ರ್ಯಾಗನ್ ಕಡೆ ತಿರುಗಿಯೂ ನೋಡದೆ ಹೂವು ಕಿತ್ತು ಔಷಧಿ ಮಾಡಿ ಮಾರ್ಕೊಂಡು ಇರಬಹುದು.

ಸರಣಿ ಶುರುವಾಗಿದ್ದು 1994ರಲ್ಲಿ, ‘ಅರೀನಾ’ ಮೂಲಕ. ಆಮೇಲೆ 1996ರಲ್ಲಿ ‘ಡ್ಯಾಗರ್‌ಫಾಲ್’, 2002ರಲ್ಲಿ ‘ಮಾರೋವಿಂಡ್’, 2006ರಲ್ಲಿ ‘ಆಬ್ಲಿವಿಯನ್’. 2011ರ ನವೆಂಬರ್ 11ಕ್ಕೆ ಬಂದ ‘ಸ್ಕೈರಿಮ್’ ಐದನೆಯದು. ಅದು 6 ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಗಿದೆ ಅಂತ 2023ರಲ್ಲಿ ಹೋವರ್ಡ್ ಅವರೇ ಹೇಳಿದ್ರು. ಸ್ಕೈರಿಮ್ ಬಂದಾಗ ಹೈಸ್ಕೂಲಿನಲ್ಲಿದ್ದವರು ಈಗ ಇಎಮ್‌ಐ ಕಟ್ತಿದ್ದಾರೆ. ಆರನೆಯದು ಮಾತ್ರ ಇನ್ನೂ ಬಂದಿಲ್ಲ.

ಯಾಕಿಷ್ಟು ತಡ?

ಸೋಮಾರಿತನ ಅಂತ ಬೈಯೋದು ಸುಲಭ. ಲೆಕ್ಕ ನೋಡಿದ್ರೆ ಬೇರೆ ಚಿತ್ರ ಕಾಣುತ್ತೆ.

ಕಾಮರ್ಸ್ ಓದಿದವರಿಗೆಲ್ಲ ಆಪರ್ಚುನಿಟಿ ಕಾಸ್ಟ್ ಅನ್ನೋ ಮಾತು ಗೊತ್ತಿರುತ್ತೆ. ಒಂದು ಕೆಲಸ ಮಾಡೋಕೆ ಹೋದ್ರೆ ಕೈಬಿಡಬೇಕಾದ ಇನ್ನೊಂದು ಕೆಲಸದ ಬೆಲೆ ಅದು. ಬೆಥೆಸ್ಡಾದ ಈ ಸ್ಟುಡಿಯೊಗೆ ಕೈಯಲ್ಲಿ ಒಂದೇ ಸರಣಿ ಇಲ್ಲ. 2015ರಲ್ಲಿ ‘ಫಾಲ್‌ಔಟ್ 4’ ಕೊಟ್ರು, 2018ರಲ್ಲಿ ‘ಫಾಲ್‌ಔಟ್ 76’ ಕೊಟ್ರು, 2023ರ ಸೆಪ್ಟೆಂಬರ್‌ನಲ್ಲಿ ಬಾಹ್ಯಾಕಾಶದ ‘ಸ್ಟಾರ್‌ಫೀಲ್ಡ್’ ಕೊಟ್ರು. 2018ರಲ್ಲಿ ಟೀಸರ್ ತೋರಿಸುವಾಗಲೇ, ಮೊದಲು ಸ್ಟಾರ್‌ಫೀಲ್ಡ್, ಆಮೇಲೆ ಇದು ಅಂತ ಅವರು ಹೇಳಿದ್ರು. ಫ್ಯಾನ್ಸ್‌ಗೆ ನೆನಪಲ್ಲಿ ಉಳಿದಿದ್ದು ಟೀಸರ್ ಮಾತ್ರ.

ಎರಡನೇ ಕಾರಣ ಗಾತ್ರ. ಸ್ಕೈರಿಮ್ ಮಾಡಿದ್ದು ಸುಮಾರು 100 ಜನರ ತಂಡ. ಸ್ಟಾರ್‌ಫೀಲ್ಡ್‌ಗೆ ಅದರ ಹಲವು ಪಟ್ಟು ಜನ ಬೇಕಾಯ್ತು. ಜನ ಜಾಸ್ತಿ ಆದ್ರೆ ಕೆಲಸ ಬೇಗ ಆಗುತ್ತೆ ಅಂತ ಅಂದ್ಕೋತೀವಿ. ಮದುವೆ ಮನೆ ಅಡುಗೆ ನೋಡಿದವರಿಗೆ ಗೊತ್ತು, ಹಾಗೇನೂ ಆಗಲ್ಲ.

ಮೂರನೇ ಕಾರಣ ಯಾರೂ ಜೋರಾಗಿ ಹೇಳಲ್ಲ: ಹಳೆಯದು ಇನ್ನೂ ಮಾರಾಟ ಆಗ್ತಾನೇ ಇದೆ. ಸ್ಕೈರಿಮ್ 2016ರಲ್ಲಿ ಸ್ಪೆಷಲ್ ಎಡಿಷನ್ ಆಗಿ ಬಂತು, 2017ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂತು, 2021ರಲ್ಲಿ ಹತ್ತನೇ ವರ್ಷದ ಆವೃತ್ತಿಯಾಗಿ ಬಂತು. ಪ್ರತಿ ಸಲವೂ ನಕ್ಕೊಂಡೇ ಮೀಮ್ ಮಾಡಿದ್ವಿ, ಪ್ರತಿ ಸಲವೂ ಜನ ಕೊಂಡ್ರು. ಹಳೇ ಅಂಗಡಿಯಲ್ಲಿ ವ್ಯಾಪಾರ ಚೆನ್ನಾಗಿದ್ರೆ ಹೊಸ ಅಂಗಡಿ ತೆರೆಯೋಕೆ ಯಾರಿಗೆ ಅವಸರ?

2023ರ ಜೂನ್‌ನಲ್ಲಿ ಆಕ್ಟಿವಿಷನ್ ಖರೀದಿಯ ಕೇಸು ಅಮೆರಿಕದ ಕೋರ್ಟಿನಲ್ಲಿ ನಡೀತಿತ್ತು. ಅಲ್ಲಿ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್, ಈ ಗೇಮ್ ಬರೋಕೆ ಕನಿಷ್ಠ ಐದು ವರ್ಷ ಆಗಬಹುದು ಅನ್ನೋ ಅರ್ಥದ ಮಾತು ಹೇಳಿದ್ರು. ಇವರ ಮಾತು ಯಾಕೆ ಮುಖ್ಯ ಅಂದ್ರೆ, ಬೆಥೆಸ್ಡಾದ ಮಾತೃಸಂಸ್ಥೆಯನ್ನ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಂಡುಕೊಂಡಿದೆ. ಆ ಡೀಲ್ ಮುಗಿದಿದ್ದು 2021ರ ಮಾರ್ಚ್‌ನಲ್ಲಿ. ಪ್ಲೇಸ್ಟೇಷನ್ ಇಟ್ಕೊಂಡಿರೋ ಫ್ಯಾನ್ಸ್‌ಗೆ ಅವತ್ತಿಂದ ಇನ್ನೊಂದು ಚಿಂತೆ ಶುರುವಾಯ್ತು: ಗೇಮ್ ಬಂದ್ರೂ ನಮಗೆ ಸಿಗುತ್ತಾ?

ಜಗಳ ಒಂದು: ಯಾವ ಊರು?

ಸರಣಿಯ ದೊಡ್ಡ ಗೇಮ್‌ಗಳು ಸಾಮಾನ್ಯವಾಗಿ ಟ್ಯಾಮ್ರಿಯೆಲ್‌ನ ಬೇರೆ ಬೇರೆ ಪ್ರಾಂತ್ಯದಲ್ಲಿ ನಡೆಯುತ್ತವೆ. ಟೀಸರ್‌ನಲ್ಲಿ ಕಂಡ ಒಣ ಬೆಟ್ಟ, ಕಡಲ ತೀರ ನೋಡಿ ಒಂದು ಗುಂಪು ‘ಹ್ಯಾಮರ್‌ಫೆಲ್’ ಅಂತಿದೆ. ಅದು ಮರುಭೂಮಿಯ ನಾಡು, ಸಮುದ್ರ ದಾಟಿ ಬಂದ ಖಡ್ಗವೀರರಾದ ರೆಡ್‌ಗಾರ್ಡ್‌ಗಳ ನಾಡು. ಇನ್ನೊಂದು ಗುಂಪು ‘ಹೈ ರಾಕ್’ ಅಂತಿದೆ. ಅಲ್ಲಿ ಬ್ರೆಟನ್‌ಗಳ ಪುಟ್ಟ ಪುಟ್ಟ ರಾಜ್ಯಗಳು, ಅವುಗಳ ನಡುವೆ ಮುಗಿಯದ ಒಳಜಗಳ.

ಇದು ಬರೀ ಮ್ಯಾಪಿನ ವಿಷಯ ಅಲ್ಲ. ಹ್ಯಾಮರ್‌ಫೆಲ್ ಕೇಳೋರಿಗೆ ಹಡಗು ಬೇಕು, ಮರಳುಗಾಡಿನ ಅಲೆದಾಟ ಬೇಕು. ಹೈ ರಾಕ್ ಕೇಳೋರಿಗೆ ರಾಜಕೀಯ ಬೇಕು, ಮೋಸ ಬೇಕು, ಯಾರ ಪರ ನಿಲ್ಲಬೇಕು ಅನ್ನೋ ಕಷ್ಟದ ಆಯ್ಕೆ ಬೇಕು.

ಜಗಳ ಎರಡು: ಸುಲಭಾನಾ, ಕಷ್ಟಾನಾ?

ಮಾರೋವಿಂಡ್‌ನಲ್ಲಿ ಪಾತ್ರಕ್ಕೆ 27 ಕೌಶಲಗಳಿದ್ವು. ಆಬ್ಲಿವಿಯನ್‌ನಲ್ಲಿ 21 ಆಯ್ತು. ಸ್ಕೈರಿಮ್‌ನಲ್ಲಿ 18. ಶಕ್ತಿ, ಬುದ್ಧಿ ಅಂತ ಎಂಟು ಗುಣಗಳಿದ್ವಲ್ಲ, ಸ್ಕೈರಿಮ್‌ನಲ್ಲಿ ಅವೂ ಹೋದ್ವು. ನಮ್ಮದೇ ಮಂತ್ರ ಕಟ್ಟೋ ಸೌಲಭ್ಯಾನೂ ಹೋಯ್ತು.

ಮಾರೋವಿಂಡ್‌ನಲ್ಲಿ ಎಲ್ಲಿಗೆ ಹೋಗಬೇಕು ಅಂತ ಬಾಣದ ಗುರುತು ತೋರಿಸ್ತಿರಲಿಲ್ಲ. ನಮ್ಮ ಹಳ್ಳಿ ಕಡೆ ದಾರಿ ಕೇಳಿದ್ರೆ ‘ಆ ಮರ ದಾಟಿ ಎಡಕ್ಕೆ ತಿರುಗಿ’ ಅಂತಾರಲ್ಲ, ಹಾಗೆ ಪಾತ್ರಗಳು ದಾರಿ ಹೇಳ್ತಿದ್ವು. ಅದನ್ನ ಓದ್ಕೊಂಡು ಹುಡುಕಬೇಕು. ಆಬ್ಲಿವಿಯನ್‌ನಿಂದ ದಿಕ್ಸೂಚಿಯಲ್ಲಿ ಗುರುತು ಬಂತು. ಗುರುತು ಹಿಂಬಾಲಿಸಿದ್ರೆ ಕೆಲಸ ಮುಗೀತು.

ಇನ್ನೊಂದು ಉದಾಹರಣೆ ನೋಡಿ. ಮಾರೋವಿಂಡ್‌ನಲ್ಲಿ ಕಥೆಗೆ ಬೇಕೇ ಬೇಕಾದ ಪಾತ್ರವನ್ನೂ ನೀವು ಕೊಲ್ಲಬಹುದಿತ್ತು. ವಿಧಿಯ ಎಳೆ ಕಡಿದುಹೋಯ್ತು ಅಂತ ಗೇಮ್ ಎಚ್ಚರಿಸ್ತಿತ್ತು, ತಡೀತಿರಲಿಲ್ಲ. ಸ್ಕೈರಿಮ್‌ನಲ್ಲಿ ಅಂಥ ಪಾತ್ರಗಳು ಎಷ್ಟು ಹೊಡೆದ್ರೂ ಮಂಡಿಯೂರಿ ಮತ್ತೆ ಎದ್ದು ನಿಲ್ತವೆ. ಹಳಬರ ವಾದ ಇಷ್ಟೇ: ತಪ್ಪು ಮಾಡೋ ಸ್ವಾತಂತ್ರ್ಯ ಇಲ್ಲದ ಮೇಲೆ ಅದೆಂಥ ಸ್ವಾತಂತ್ರ್ಯ?

ಹೊಸಬರ ವಾದಾನೂ ಹಗುರ ಅಲ್ಲ. ಆಫೀಸು ಮುಗಿಸಿ ರಾತ್ರಿ ಒಂದು ಗಂಟೆ ಆಡೋನಿಗೆ ಆ ಒಂದು ಗಂಟೆ ಪೂರ್ತಿ ಗುಹೆ ಬಾಗಿಲು ಹುಡುಕೋದ್ರಲ್ಲೇ ಹೋದ್ರೆ ಹೇಗೆ? ಆ 6 ಕೋಟಿ ಜನ ಬಂದಿದ್ದೇ ಬಾಗಿಲು ಸುಲಭವಾಗಿ ಸಿಕ್ಕಿದ್ರಿಂದ.

ಆದ್ರೆ 2022ರಲ್ಲಿ ‘ಎಲ್ಡನ್ ರಿಂಗ್’, 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಬಂದ್ಮೇಲೆ ಹಳಬರ ಕೈ ಮೇಲಾಗಿದೆ. ಮೊದಲನೆಯದು ಅಷ್ಟಾಗಿ ದಾರಿ ತೋರಿಸಲ್ಲ. ಎರಡನೆಯದು ನಿಮ್ಮ ಆಯ್ಕೆಯ ಫಲ ನಿಮಗೇ ಉಣಿಸುತ್ತೆ. ಎರಡೂ ಭರ್ಜರಿ ಹಿಟ್. ಕಷ್ಟ ಕೊಟ್ರೆ ಜನ ಓಡಿಹೋಗ್ತಾರೆ ಅನ್ನೋ ಮಾತು ಈಗ ಅಷ್ಟು ಸುಲಭವಾಗಿ ನಿಲ್ಲಲ್ಲ.

ಜಗಳ ಮೂರು: ದೊಡ್ಡದಾ, ಆಳವಾ?

ಇದೇ ನಿಜವಾದ ಜಗಳ. ಸ್ಟಾರ್‌ಫೀಲ್ಡ್‌ನಲ್ಲಿ 1000ಕ್ಕೂ ಹೆಚ್ಚು ಗ್ರಹಗಳಿವೆ. ಅಷ್ಟನ್ನೂ ಕೈಯಿಂದ ಮಾಡೋಕಾಗಲ್ಲ. ಬಹುಪಾಲು ಭೂಮಿಯನ್ನ ಕಂಪ್ಯೂಟರ್ ಪ್ರೋಗ್ರಾಮ್ ಸೃಷ್ಟಿ ಮಾಡುತ್ತೆ. ಒಂದು ಗ್ರಹದಲ್ಲಿ ನೋಡಿದ ಅದೇ ಕಟ್ಟಡ ಇನ್ನೊಂದು ಗ್ರಹದಲ್ಲೂ ಎದುರಾಯ್ತು. ಸ್ಕೈರಿಮ್‌ನಲ್ಲಿ ಬೆಟ್ಟದ ಆಚೆ ಏನಿದೆ ಅಂತ ಕುತೂಹಲಕ್ಕೆ ಹತ್ತಿದ್ರೆ ಏನಾದ್ರೂ ಸಿಗ್ತಿತ್ತು. ಇಲ್ಲಿ ಹತ್ತೋ ಆಸೆಯೇ ಹೋಯ್ತು ಅಂತ ಬಹಳ ಜನ ದೂರಿದ್ರು.

ಸ್ವಾರಸ್ಯ ಏನು ಗೊತ್ತಾ? ಈ ಸ್ಟುಡಿಯೊಗೆ ಇದು ಹೊಸ ಪಾಠ ಅಲ್ಲ. 1996ರ ಡ್ಯಾಗರ್‌ಫಾಲ್ ಕೂಡ ಹೀಗೇ ಪ್ರೋಗ್ರಾಮ್ ಸೃಷ್ಟಿಸಿದ ಗೇಮ್. ಊರು, ಗುಡಿ, ನೆಲಮಾಳಿಗೆ ಎಲ್ಲ ಸೇರಿ 15,000ದಷ್ಟು ಜಾಗಗಳು. ವಿಸ್ತಾರದಲ್ಲಿ ಅದನ್ನ ಇಂಗ್ಲೆಂಡ್ ಇರೋ ದ್ವೀಪಕ್ಕೆ ಹೋಲಿಸ್ತಾರೆ. ಅದಾದ್ಮೇಲೆ ಬಂದ ಮಾರೋವಿಂಡ್ ಏನು ಮಾಡ್ತು? ಅಷ್ಟೂ ವಿಸ್ತಾರ ಬಿಟ್ಟು ಒಂದೇ ಒಂದು ದ್ವೀಪಕ್ಕೆ ಬಂತು. ಆ ದ್ವೀಪದ ಒಂದೊಂದು ಗುಹೆಯನ್ನೂ ಕೈಯಾರೆ ಇಟ್ರು. ಇವತ್ತಿಗೂ ಹಳೇ ಫ್ಯಾನ್ಸ್ ಎದೆ ತಟ್ಟಿ ಹೇಳೋದು ಆ ಗೇಮ್ ಹೆಸರನ್ನೇ. ಹಾಗಾಗಿ ಸ್ಟಾರ್‌ಫೀಲ್ಡ್ ಆದ್ಮೇಲೂ ಹಾಗೇ ಆಗಲಿ ಅನ್ನೋ ಆಸೆಗೆ ಇತಿಹಾಸದ ಬೆಂಬಲ ಇದೆ.

ಆದ್ರೆ ಇಲ್ಲೊಂದು ತಿರುವು. 2024ರಲ್ಲಿ ಸ್ಟಾರ್‌ಫೀಲ್ಡ್‌ಗೆ ಬಂದ ‘ಶ್ಯಾಟರ್ಡ್ ಸ್ಪೇಸ್’ ಅನ್ನೋ ಭಾಗದಲ್ಲಿ ಒಂದೇ ಗ್ರಹದ ಒಂದು ಪ್ರದೇಶವನ್ನ ಕೈಯಿಂದಲೇ ಕಟ್ಟಿದ್ರು. ಫ್ಯಾನ್ಸ್ ಕೇಳಿದ್ದೂ ಅದನ್ನೇ. ಆದ್ರೂ ಸ್ಟೀಮ್‌ನಲ್ಲಿ ಬಂದ ವಿಮರ್ಶೆ ಸಿಹಿಯಾಗಿರಲಿಲ್ಲ. ಜಾಗ ಚಿಕ್ಕದಾದ ಮಾತ್ರಕ್ಕೆ ಕಥೆ ಆಳ ಆಗಲ್ಲ. ಕೈಯಿಂದ ಮಾಡಿದ ಊರಲ್ಲಿ ಮಾತಾಡೋಕೆ ಒಳ್ಳೆ ಜನಾನೂ ಇರಬೇಕು.

ಹಾಗಾದ್ರೆ ಫ್ಯಾನ್ಸ್ ಕೇಳ್ತಿರೋದು ಏನನ್ನ?

ಈ ಮೂರೂ ಜಗಳವನ್ನ ಪಕ್ಕಪಕ್ಕ ಇಟ್ಟು ನೋಡಿ. ಯಾರೂ ಆರನೇ ಗೇಮ್ ಬಗ್ಗೆ ಮಾತಾಡ್ತಿಲ್ಲ. ಪ್ರತಿಯೊಬ್ಬರೂ ತಾವು ಮೊದಲು ಆಡಿದ ಗೇಮ್ ಬಗ್ಗೆ ಮಾತಾಡ್ತಿದ್ದಾರೆ. ಮಾರೋವಿಂಡ್‌ನಿಂದ ಶುರು ಮಾಡಿದವರಿಗೆ ‘ನಿಜವಾದ’ ಎಲ್ಡರ್ ಸ್ಕ್ರೋಲ್ಸ್ ಅಂದ್ರೆ ಅದು. ಸ್ಕೈರಿಮ್‌ನಿಂದ ಶುರು ಮಾಡಿದವರಿಗೆ ಇದು. 36 ಸೆಕೆಂಡಿನ ಖಾಲಿ ಬೆಟ್ಟ ಎಷ್ಟು ಅನುಕೂಲ ಅಂದ್ರೆ, ಅದರಲ್ಲಿ ಎಲ್ಲರ ಕನಸೂ ಹಿಡಿಸುತ್ತೆ. ನಿಜವಾದ ಗೇಮ್‌ನಲ್ಲಿ ಹಿಡಿಸಲ್ಲ. ಯಾರೋ ಒಬ್ಬರಿಗೆ ನಿರಾಸೆ ಆಗಲೇಬೇಕು.

ಕಾಯುವಿಕೆಗೆ ನಿಜವಾದ ಬೆಲೆಯೂ ಇದೆ. ಅಮೆರಿಕದ ಶರ್ಲಿ ಕರ್ರಿ ಅವರನ್ನ ಯೂಟ್ಯೂಬ್‌ನಲ್ಲಿ ನೋಡಿರಬಹುದು. 1936ರಲ್ಲಿ ಹುಟ್ಟಿದವರು. 80ರ ಹತ್ತಿರದ ವಯಸ್ಸಿನಲ್ಲಿ ಸ್ಕೈರಿಮ್ ವಿಡಿಯೊ ಹಾಕೋಕೆ ಶುರು ಮಾಡಿ ‘ಸ್ಕೈರಿಮ್ ಅಜ್ಜಿ’ ಅಂತ ಹೆಸರಾದ್ರು, ನೋಡುಗರನ್ನ ಮೊಮ್ಮಕ್ಕಳು ಅಂತಲೇ ಕರೆದ್ರು. ಅಭಿಮಾನಿಗಳ ಒತ್ತಾಯಕ್ಕೆ ಮಣಿದು, ಎಲ್ಡರ್ ಸ್ಕ್ರೋಲ್ಸ್ 6ರಲ್ಲಿ ಅವರನ್ನ ಒಂದು ಪಾತ್ರವಾಗಿ ಸೇರಿಸ್ತೀವಿ ಅಂತ ಬೆಥೆಸ್ಡಾ 2019ರಲ್ಲಿ ಹೇಳಿತು. 2024ರಲ್ಲಿ ಅವರು ಸ್ಕೈರಿಮ್ ವಿಡಿಯೊ ನಿಲ್ಲಿಸೋ ನಿರ್ಧಾರ ಮಾಡಿದ್ರು. ಗೇಮ್‌ನೊಳಗಿನ ಅಜ್ಜಿಗೆ ವಯಸ್ಸಾಗಲ್ಲ. ಹೊರಗಿರೋರಿಗೆ ಆಗುತ್ತೆ, ನಮಗೂ ಆಗುತ್ತೆ.

ಕಂಪನಿಗೂ ಇದು ಅರ್ಥ ಆದ ಹಾಗಿದೆ. 2025ರ ಏಪ್ರಿಲ್ 22ರಂದು ‘ಆಬ್ಲಿವಿಯನ್ ರೀಮಾಸ್ಟರ್ಡ್’ ಅನ್ನ ಘೋಷಣೆ ಮಾಡಿದ ದಿನವೇ ಬಿಡುಗಡೆ ಮಾಡಿದ್ರು. ಕುಲಾವಿ, ಕೂಸು ಎರಡೂ ಒಂದೇ ದಿನ. ಜನ ಖುಷಿಯಿಂದ ಮುಗಿಬಿದ್ರು.

ಟ್ರೇಲರ್ ಬಂದಾಗ ಏನು ನೋಡಬೇಕು?

ಗ್ರಾಫಿಕ್ಸ್ ನೋಡಿ ಮರುಳಾಗಬೇಡಿ, ಅದು ಹೇಗಿದ್ರೂ ಚೆನ್ನಾಗೇ ಇರುತ್ತೆ. ಮೂರು ವಿಷಯ ಗಮನಿಸಿ. ಒಂದು, ಮ್ಯಾಪ್ ಎಷ್ಟು ದೊಡ್ಡದು ಅಂತ ಹೇಳ್ತಾರಾ, ಅದರೊಳಗೆ ಏನಿದೆ ಅಂತ ಹೇಳ್ತಾರಾ? ಎರಡು, ನಿಮ್ಮ ಆಯ್ಕೆಯಿಂದ ಒಂದು ಊರೋ ಒಬ್ಬ ವ್ಯಕ್ತಿಯೋ ಶಾಶ್ವತವಾಗಿ ಬದಲಾಗೋದನ್ನ ತೋರಿಸ್ತಾರಾ? ಮೂರು, ಮಾಡ್ ಮಾಡೋರಿಗೆ ಟೂಲ್ಸ್ ಯಾವಾಗ ಕೊಡ್ತಾರೆ? ಸ್ಕೈರಿಮ್ ಇಷ್ಟು ವರ್ಷ ಬದುಕಿರೋದ್ರಲ್ಲಿ ಸಂಬಳ ಇಲ್ಲದೆ ಕೆಲಸ ಮಾಡಿದ ಮಾಡರ್‌ಗಳ ಪಾಲು ದೊಡ್ಡದು. 2015ರಲ್ಲಿ ಆ ಮಾಡ್‌ಗಳನ್ನ ಸ್ಟೀಮ್‌ನಲ್ಲಿ ದುಡ್ಡಿಗೆ ಮಾರೋ ಪ್ರಯತ್ನ ನಡೀತು. ಫ್ಯಾನ್ಸ್ ಸಿಟ್ಟಿಗೆ ಒಂದು ವಾರದೊಳಗೆ ಅದನ್ನ ವಾಪಸ್ ತಗೊಂಡ್ರು. ಅಂದ್ರೆ ಫ್ಯಾನ್ಸ್ ಮಾತಿಗೆ ಬೆಲೆ ಇಲ್ಲ ಅಂತಲ್ಲ. ಸ್ಪಷ್ಟವಾಗಿ ಒಂದೇ ವಿಷಯ ಕೇಳಿದಾಗ ಅದಕ್ಕೆ ಬೆಲೆ ಸಿಕ್ಕಿದೆ.

ಅಲ್ಲಿವರೆಗೆ ಒಂದು ಕೆಲಸ ಮಾಡಿ. ನೀವು ಸ್ಕೈರಿಮ್‌ನಿಂದ ಶುರು ಮಾಡಿದ್ರೆ ಮಾರೋವಿಂಡ್ ಒಂದು ಸಲ ಆಡಿ. ಹಳಬರಾಗಿದ್ರೆ, ಸ್ಕೈರಿಮ್‌ನಲ್ಲಿ ಮೊದಲ ಬಾರಿ ಬೆಟ್ಟ ಹತ್ತಿದ ತಮ್ಮನ್ನೋ ತಂಗಿಯನ್ನೋ ಕೂರಿಸ್ಕೊಂಡು ಏನು ಇಷ್ಟ ಆಯ್ತು ಅಂತ ಕೇಳಿ. ನೀವು ಕೇಳಬೇಕಾದ ಆ ಒಂದು ವಿಷಯ ಅಲ್ಲೇ ಸಿಗಬಹುದು.

ನಿಮ್ಮ ಆಯ್ಕೆ ಹ್ಯಾಮರ್‌ಫೆಲ್ಲಾ, ಹೈ ರಾಕಾ? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಸಿಗೋಣ.